ಅಜ್ಜನ ಕೋವಿಗೆ ಸೀಸದ ಗುಂಡು

ಮೇ ೬, ಭಾನುವಾರ

ಕೀತ್ ಹೋಗಿ ಇವತ್ತಿಗೆ ನಲವತ್ತೊಂದು ದಿನ. ಊಟಕ್ಕೆ ಉಪ್ಪು ಬಿಸ್ಕತ್ತು, ಅದನ್ನೂ ನಿಂತುಕೊಂಡೇ ತಿಂದೆ. ಮಂಚದ ಮೇಲೆ ಮಲಗಲು ಮನಸ್ಸು ಬರುವುದಿಲ್ಲ, ಸೋಫಾವೇ ಸಾಕು. ನಾನೀಗ ಬರೆಯುತ್ತಿರುವ ಇದು, ಅವನು ಟ್ರಕ್ಕಿನ ಎಣ್ಣೆ ಬದಲಿಸಿದ ದಿನಗಳನ್ನು ಬರೆದಿಡುತ್ತಿದ್ದ ಪುಸ್ತಕ. ಟ್ರಕ್ಕನ್ನು ಒಯ್ದ, ನಾಯಿಯನ್ನು ಒಯ್ದ, ಇದನ್ನು ಮರೆತ. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಯನ್ನೇ ಬಿಟ್ಟು ಹಲ್ಲಿನ ಡಾಕ್ಟರ ಸಹಾಯಕಿಯ ಹಿಂದೆ ಹೋದವನಿಗೆ ಪುಸ್ತಕ ಯಾವ ಲೆಕ್ಕ.

ಅಪ್ಪ ತೀರಿಕೊಂಡು ಹತ್ತು ದಿನಕ್ಕೇ ಕೀತ್ ಹೊರಟಿದ್ದು. ಒಂದೇ ತಿಂಗಳಲ್ಲಿ ಇಬ್ಬರು. ಇವತ್ತು ಅಣ್ಣ ವೆಂಡೆಲ್ ಬಿಲ್ಲಿಂಗ್ಸಿನಿಂದ ಬಂದಿದ್ದ, ಅಪ್ಪನ ಸಾಮಾನು ವಿಂಗಡಿಸಲು. ಬೀರುವಿನ ಹಿಂದೆ ಕಂಬಳಿಯಲ್ಲಿ ಸುತ್ತಿಟ್ಟ ಅಜ್ಜನ ರೈಫಲ್ ಸಿಕ್ಕಿತು. ಗುಂಡಿನ ಅಳತೆ ಮೂವತ್ತೆಂಟು-ಐವತ್ತೈದು, ನೂರು ವರ್ಷದ ಕೋವಿ. ಮೊಂಟಾನಾದ ಈ ಮೂಲೆಯಲ್ಲಿ ಗೋಧಿ ಸುಟ್ಟುಹೋದ ವರ್ಷಗಳಲ್ಲಿ ನಮ್ಮ ಮನೆಗೆ ಮಾಂಸ ತಂದದ್ದು ಅದೇ.

"ಇದನ್ನ ದೀಪ ಮಾಡಿಸ್ತೀನಿ," ಎಂದ ವೆಂಡೆಲ್.

"ಏನು ಮಾಡಿಸ್ತೀಯ?"

"ದೀಪ ಕಣೇ. ಬುಡಕ್ಕೊಂದು ಹಲಗೆ, ನಳಿಗೆ ಒಳಗೆ ವೈರು, ಮೇಲೆ ಬಲ್ಬು. ಎಲ್ಕ್ ಜಿಂಕೆ ಚಿತ್ರ ಇರೋ ದೀಪದ ಮುಸುಕು ಕೂಡ ನೋಡಿಟ್ಟಿದೀನಿ."

ನನಗೆ ಮೈಯೆಲ್ಲ ಉರಿಯಿತು. ಅಜ್ಜನ ಕೋವಿಯ ತಲೆಯ ಮೇಲೆ ಬಲ್ಬಂತೆ!

"ನಿನಗೇನು ಬುದ್ಧಿ ಗಿದ್ಧಿ ಇದೆಯಾ?"

"ಅದು ಸತ್ತ ಕೋವಿ, ನಡೀನ್. ಅಪ್ಪ ಸಾವಿರ ಸಲ ಹೇಳಿಲ್ವಾ? ನಳಿಗೆ ಹಾಳಾಗಿದೆ. ಕೊಟ್ಟಿಗೆ ಒಳಗೆ ನಿಂತು ಹೊಡೆದ್ರೂ ಗೋಡೆಗೆ ತಾಗಲ್ಲ."

ಅವನು ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲ, ಕಂಬಳಿಯ ತುದಿ ಹಿಡಿದು ಎಳೆಯುತ್ತಿದ್ದ. ಅಷ್ಟು ಅಸಡ್ಡೆ. ನಾನು ಹೊಡೆಯುತ್ತೇನೆ, ಇದರಲ್ಲೇ ಹೊಡೆಯುತ್ತೇನೆ ಎಂದುಬಿಟ್ಟೆ. ಕೋವಿ ಮುಟ್ಟಿ ಇಪ್ಪತ್ತು ವರ್ಷವಾಗಿದೆ. ಬಾಯಿಗೆ ಅದು ಗೊತ್ತಿರಲಿಲ್ಲ.

ವೆಂಡೆಲ್ ನಕ್ಕ. "ಸರಿ. ಸೆಪ್ಟೆಂಬರಿನಲ್ಲಿ ಕಾರ್ಮಿಕರ ದಿನದ ರಜೆಗೆ ಬರ್ತೀನಿ. ನೂರು ಗಜದಿಂದ ಒಂದು ಕಾಗದದ ತಟ್ಟೆಗೆ ಐದಕ್ಕೆ ಐದು ಹೊಡೆದು ತೋರಿಸು, ಕೋವಿ ನಿಂದು. ಒಂದು ತಪ್ಪಿದ್ರೂ ದೀಪ."

ಕೈ ಕುಲುಕಿದ್ದೇವೆ.

ಮೇ ೯, ಬುಧವಾರ

ನಲವತ್ತನಾಲ್ಕು ದಿನ.

ಲೂಯಿಸ್‌ಟೌನಿನ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ನನ್ನನ್ನು ನೋಡಿ ಗಂಡನಿಗೆ ಉಡುಗೊರೆಯಾ ಎಂದು ಕೇಳಿದ. ಗಂಡನ ಮೇಲೆ ಹಾರಿಸಲು ಎನ್ನಬೇಕು ಎನಿಸಿತು, ತಡೆದುಕೊಂಡೆ. ಈ ಅಳತೆಯ ತೋಟಾ ಅಪರೂಪಕ್ಕೊಮ್ಮೆ ಬರುತ್ತದಂತೆ, ಬಂದ ದಿನವೇ ಖಾಲಿಯಂತೆ. "ಇಂಥ ಹಳೇದಕ್ಕೆಲ್ಲ ಗುಂಡು ನೀವೇ ಎರಕ ಹೊಯ್ಕೋಬೇಕಮ್ಮ. ನಿಮ್ಮೂರಲ್ಲೇ ಆರ್ವಲ್ ನೈಗಾರ್ಡ್ ಇದಾರಲ್ಲ, ಅವರನ್ನ ಕೇಳಿ."

ಆರ್ವಲ್ ನಮ್ಮಿಂದ ಎರಡು ಬೇಲಿ ಆಚೆ. ಎಂಬತ್ತೆರಡು ವರ್ಷ, ರೈಲ್ವೆ ವರ್ಕ್‌ಶಾಪಿನಲ್ಲಿ ಲೇತ್ ತಿರುಗಿಸಿದವರು. ಯಾವುದೋ ಗೇಟಿನ ವಿಷಯಕ್ಕೆ ಕೀತ್ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾರೆ. ಈಗ ನನಗೂ ಕೀತ್‌ಗೂ ಮಾತಿಲ್ಲ, ಹಾಗಾಗಿ ತೊಂದರೆಯಿಲ್ಲ.

ಮೇ ೧೨, ಶನಿವಾರ

ಆರ್ವಲ್ ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಿಮ್ಮಜ್ಜ ಗೊತ್ತಿತ್ತು ನಂಗೆ. ಒಳ್ಳೆ ಗುರಿಗಾರ, ಕೆಟ್ಟ ಹಾಡುಗಾರ. ಮೊದಲು ನಳಿಗೆ ಅಳತೆ ಮಾಡು."

"ನಳಿಗೆ ಮೇಲೇ ಕೆತ್ತಿದಾರಲ್ಲ, ಮೂವತ್ತೆಂಟು ಅಂತ."

"ಕೆತ್ತಿದಾರೆ," ಎಂದರು. ಸಾಮಾನು ಹುಡುಕಲು ಎದ್ದರು.

ಕರಗಿಸುವ ಕಬ್ಬಿಣದ ಪಾತ್ರೆ, ಸೌಟು, ಎರಡು ಗುಂಡು ಒಟ್ಟಿಗೆ ಬೀಳುವ ಅಚ್ಚು, ಗುಂಡು ಕೂರಿಸಲು ಖಾಲಿ ತೋಟಾ, ಎಲ್ಲ ಸಾಲ ಕೊಟ್ಟರು. ಸೀಸ ಎಲ್ಲಿಂದ ಎಂದರೆ ಪೆಟ್ರೋಲ್ ಬಂಕಿನ ಟಯರ್ ಅಂಗಡಿಯ ಟ್ರೂಡಿಯನ್ನು ಕೇಳಬೇಕಂತೆ; ಚಕ್ರದ ಅಂಚಿಗೆ ಸಿಕ್ಕಿಸುವ ತೂಕದ ತುಂಡುಗಳು ಸೀಸದವಂತೆ. ಟ್ರೂಡಿಯ ಕಣ್ಣಿಗೆ ಬೀಳಬಾರದೆಂದೇ ಒಂದೂವರೆ ತಿಂಗಳಿಂದ ನಾನು ಪೆಟ್ರೋಲನ್ನು ಪಕ್ಕದ ಊರಿನಲ್ಲಿ ಹಾಕಿಸುತ್ತಿದ್ದೇನೆ. "ಅಯ್ಯೋ ಪಾಪ" ಎನ್ನುವ ಮುಖ ಅವಳದ್ದು.

ಮೇ ೧೬, ಬುಧವಾರ

ಹೋದೆ. ಟ್ರೂಡಿ "ಅಯ್ಯೋ ಪಾಪ" ಎಂದಳು. ಒಂದು ಬಕೆಟ್ ತುಂಬ ತುಂಡು ಕೊಟ್ಟಳು. ಸೊಂಟ ಹಿಡಿದುಕೊಂಡಿದೆ.

ಮೇ ೨೦, ಭಾನುವಾರ

ಇವತ್ತು ಮೊದಲ ಎರಕ. ಶೆಡ್ಡಿನ ಎರಡೂ ಬಾಗಿಲು ತೆರೆದು, ಕೀತ್‌ನ ವೆಲ್ಡಿಂಗ್ ಕೈಗವಸು ಹಾಕಿಕೊಂಡು, ಕ್ಯಾಂಪ್ ಒಲೆ ಹೊತ್ತಿಸಿದೆ. ಬಕೆಟ್‌ನಲ್ಲಿ ಸೀಸದ ಜೊತೆ ಸಿಗರೇಟಿನ ತುಂಡು, ರಬ್ಬರು, ಯಾರೋ ಉಗಿದ ಚೂಯಿಂಗ್ ಗಮ್ಮು. ಕರಗುವಾಗ ಎದ್ದ ನಾತಕ್ಕೆ ಬೇಲಿ ಆಚೆಯ ಹಸುಗಳೇ ದೂರ ಹೋದವು. ಚೂರು ಮೇಣ ಹಾಕಿ ಕಲಕಿದರೆ ಕೊಳೆಯೆಲ್ಲ ಮೇಲೆ ಬಂತು. ಅದನ್ನು ತೆಗೆದ ಮೇಲೆ ಕೆಳಗೆ ಕನ್ನಡಿಯಂತೆ ಹೊಳೆಯುವ ಸೀಸ! ಸುಮ್ಮನೆ ನೋಡುತ್ತ ನಿಂತೆ.

ಆಮೇಲೆ ಅಚ್ಚಿಗೆ ಸುರಿದೆ. ಹೊರಬಿದ್ದ ಗುಂಡುಗಳೆಲ್ಲ ಒಣದ್ರಾಕ್ಷಿಯ ಹಾಗೆ ಸುಕ್ಕುಸುಕ್ಕು. ಆರ್ವಲ್ ಬೇಲಿಯ ಮೇಲೆ ಮೊಣಕೈ ಊರಿ ನೋಡುತ್ತಿದ್ದರು.

"ಅಚ್ಚು ತಣ್ಣಗಿದೆ. ಬಿಸಿ ಆಗೋವರೆಗೂ ಬರೋದೆಲ್ಲ ಹಾಗೇನೇ. ಮತ್ತೆ ಪಾತ್ರೆಗೆ ಹಾಕು."

"ಎಷ್ಟು ಸಲ?"

"ನಿನಗೆ ಬೇರೆ ಕೆಲಸ ಇದೆಯಾ?"

ಇರಲಿಲ್ಲ. ಇಪ್ಪತ್ತನೇ ಸುರಿತಕ್ಕೋ ಏನೋ, ಅಚ್ಚು ತೆರೆದಾಗ ಎರಡು ಗುಂಡು ಟಪ್ಪನೆ ಟವೆಲಿನ ಮೇಲೆ ಬಿದ್ದವು. ಒಂದು ಸುಕ್ಕಿಲ್ಲ, ಅಂಚುಗಳು ಚೂಪು. ಒಬ್ಬಳೇ ಇದ್ದರೂ ಜೋರಾಗಿ ಕೂಗಿದೆ. ಸಂಜೆಯ ಹೊತ್ತಿಗೆ ನೂರಾ ಹನ್ನೆರಡು. ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಐವತ್ತೈದು ದಿನ.

ಜೂನ್ ೩, ಭಾನುವಾರ

ನಳಿಗೆಯಲ್ಲಿ ಸಲೀಸಾಗಿ ಜಾರಲೆಂದು ಜೇನುಮೇಣ ಮತ್ತು ಕೊಬ್ಬು ಕಲಸಿ ಗುಂಡಿನ ಗೀರುಗಳಿಗೆ ತುಂಬಿಸಿದ್ದೆ. ಮದ್ದಿನ ಅಳತೆ ಪುಸ್ತಕದಲ್ಲಿ ಇದ್ದಷ್ಟೇ, ಆರ್ವಲ್ ಪಕ್ಕದಲ್ಲಿ ಕುಳಿತು ನನ್ನ ತಕ್ಕಡಿ ಎರಡೆರಡು ಸಲ ನೋಡಿದರು. ಅವರ ಹೊಲದ ಹಿಂದೆ ಹಳೆಯ ಜಲ್ಲಿ ಗುಂಡಿ ಇದೆ, ಅಲ್ಲಿ ಮಣ್ಣಿನ ಗೋಡೆಗೆ ತಟ್ಟೆ ಚುಚ್ಚಿ ನೂರು ಗಜ ಹಿಂದೆ ಬಂದು ಹೊಡೆದೆ.

ಹತ್ತು ಹೊಡೆದೆ. ತಟ್ಟೆಯಲ್ಲಿ ಒಂದೇ ತೂತು, ಅದೂ ಉದ್ದನೆಯ ತೂತು. ಗುಂಡು ಅಡ್ಡಡ್ಡ ಹೋಗಿದೆ, ಕುಡುಕ ಬಾಗಿಲು ದಾಟುವ ಹಾಗೆ. ನಳಿಗೆಯೊಳಗೆ ಬೂದು ಬಣ್ಣದ ಸೀಸ ಅಂಟಿಕೊಂಡಿದೆ. ಪಾತ್ರೆ ತಿಕ್ಕುವ ತಾಮ್ರದ ನಾರನ್ನು ಬ್ರಷ್ಷಿಗೆ ಸುತ್ತಿ ಎರಡು ಗಂಟೆ ಉಜ್ಜಿದೆ.

ವೆಂಡೆಲ್ ಹೇಳಿದ್ದು ನಿಜವಿರಬಹುದು. ಅಪ್ಪ ಸುಳ್ಳು ಹೇಳುವವರಲ್ಲ.

ಜೂನ್ ೪, ಸೋಮವಾರ

ಇಲ್ಲ. ದೀಪ ಮಾಡಲು ಬಿಡುವುದಿಲ್ಲ.

ಜೂನ್ ೧೭, ಭಾನುವಾರ

ಗುಂಡು ಮೆತ್ತಗಿದೆ, ಅದಕ್ಕೇ ನಳಿಗೆಗೆ ಅಂಟುತ್ತಿದೆ ಎಂದು ತೀರ್ಮಾನಿಸಿದ್ದೇನೆ. ಅಂಗಡಿಯ ಹುಡುಗನೂ ಹಾಗೇ ಹೇಳಿದ. ನಮ್ಮೂರ ವಾರಪತ್ರಿಕೆ ಮುಚ್ಚಿದಾಗ ಅಕ್ಷರ ಎರಕ ಹೊಯ್ಯುತ್ತಿದ್ದ ಲೋಹದ ಗಟ್ಟಿಗಳನ್ನು ಟ್ರೂಡಿಯ ಮಾವ ಇಟ್ಟುಕೊಂಡಿದ್ದನಂತೆ. ಅದು ಬಲು ಗಡುಸು. ಟ್ರೂಡಿಯೇ ತಂದುಕೊಟ್ಟಳು, ಕಾಫಿಗೆ ಕುಳಿತಳು, ಎರಡು ಗಂಟೆ ಎದ್ದೇಳಲಿಲ್ಲ. ಅವಳ ಮೊದಲ ಗಂಡನ ಕಥೆ ಕೇಳಿ ನಗು ತಡೆಯಲಾಗಲಿಲ್ಲ. ಅವನು ಓಡಿಹೋಗುವಾಗ ಫ್ರಿಜ್ಜಿನಲ್ಲಿದ್ದ ಅರ್ಧ ಹ್ಯಾಮನ್ನೂ ಒಯ್ದಿದ್ದನಂತೆ!

ಹೊಸ ಗುಂಡುಗಳು ಉಗುರಿನಿಂದ ಗೀರಿದರೆ ಗೆರೆಯೂ ಬೀಳುವುದಿಲ್ಲ. ಇನ್ನು ನೋಡಬೇಕು.

ಜೂನ್ ೨೪, ಭಾನುವಾರ

ಮೊದಲಿಗಿಂತ ಕೆಟ್ಟದ್ದು. ಇಪ್ಪತ್ತಕ್ಕೆ ಒಂದೂ ತಟ್ಟೆಗಿಲ್ಲ. ಒಂದು ಗುಂಡು ತಟ್ಟೆಗೆ ಆರು ಗಜ ದೂರದ ನೆಲಕ್ಕೆ ಬಿದ್ದು ಧೂಳೆಬ್ಬಿಸಿತು. ಮತ್ತೆ ತಾಮ್ರದ ನಾರು, ಮತ್ತೆ ಎರಡು ಗಂಟೆ.

ಕೋಪದಲ್ಲಿ ಕೋವಿಯನ್ನು ಎತ್ತಿಕೊಂಡು ನೇರ ಆರ್ವಲ್ ಮನೆಗೆ ಹೋದೆ. ಅವರು ಆಲೂಗಡ್ಡೆ ಹೆರೆಯುತ್ತಿದ್ದರು.

"ಸತ್ತಿದೆ ಇದು. ವೆಂಡೆಲ್ ಹೇಳಿದ್ದೇ ಸರಿ."

"ಅಳತೆ ಮಾಡಿದೆಯಾ?"

ಮಾಡಿರಲಿಲ್ಲ. ಮೇ ತಿಂಗಳಲ್ಲೇ ಹೇಳಿದ್ದರು. ನಾನು ಆರು ವಾರ ಸೀಸ ಕರಗಿಸುತ್ತಾ, ಗಡುಸು ಮಾಡುತ್ತಾ ಕುಳಿತಿದ್ದೆ, ನಳಿಗೆಯ ಮೇಲೆ ಕೆತ್ತಿದ ಅಂಕಿಯನ್ನು ನಂಬಿಕೊಂಡು.

"ಇನ್ನೊಂದು ಸಲ ಹೇಳಕ್ಕೇನಾಗಿತ್ತು ನಿಮಗೆ?"

"ನೀನು ಖುಷಿಯಾಗಿದ್ದೆ. ಎರಕ ಹೊಯ್ಯೋದೂ ಕಲಿತೆ. ಕೂತ್ಕೋ."

ಮೀನಿನ ಗಾಳಕ್ಕೆ ಕಟ್ಟುವ ಮೆತ್ತನೆಯ ಸೀಸದ ಗುಂಡೊಂದನ್ನು ಎಣ್ಣೆಯಲ್ಲಿ ಅದ್ದಿ, ನಳಿಗೆಯ ಬಾಯಿಗಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಒಳಗಿಳಿಸಿದರು. ಕಡ್ಡಿಯಿಂದ ತಳ್ಳಿ ತಳ್ಳಿ ಆ ಕಡೆಯಿಂದ ಹೊರತೆಗೆದಾಗ ಸೀಸದ ಮೈಮೇಲೆ ನಳಿಗೆಯ ಗೀರುಗಳೆಲ್ಲ ಮೂಡಿದ್ದವು. ಅದನ್ನು ಅಳೆದು ನನ್ನ ಕಡೆ ತಿರುಗಿಸಿದರು. ಇಂಚಿನ ಸಾವಿರ ಪಾಲಿನಲ್ಲಿ ಮುನ್ನೂರ ಎಂಬತ್ತು. ನನ್ನ ಗುಂಡು ಅಳೆದರೆ ಮುನ್ನೂರ ಎಪ್ಪತ್ತಾರು; ಮೂವತ್ತೆಂಟು ಎನ್ನುವುದು ಬರೀ ಹೆಸರಂತೆ, ಈಗಿನ ಗುಂಡು, ಅಚ್ಚು ಎಲ್ಲ ಅದಕ್ಕಿಂತ ಸಣ್ಣವಂತೆ. ಒಂದು ತಲೆಗೂದಲಿನಷ್ಟು ಸಣ್ಣ. ಆ ಸಂದಿಯಿಂದ ಬೆಂಕಿ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಬಳಿಯುತ್ತಿತ್ತು, ಗುಂಡು ಹಿಡಿತವಿಲ್ಲದೆ ಹೊರಳಿಕೊಂಡು ಹೋಗುತ್ತಿತ್ತು. ಗಡುಸು ಮಾಡಿದ್ದು ಇನ್ನೂ ತಪ್ಪು. ಮೆತ್ತಗಿದ್ದಿದ್ದರೆ ಮದ್ದಿನ ಒತ್ತಡಕ್ಕೆ ಚೂರಾದರೂ ಉಬ್ಬಿ ನಳಿಗೆಯನ್ನು ತುಂಬಿಕೊಳ್ಳುತ್ತಿತ್ತು.

"ಹಾಳಾಗಿ ಹೀಗಾಗಿದೆಯಾ?" ಎಂದು ಕೇಳಿದೆ.

ಆರ್ವಲ್ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರು. "ಅಲ್ಲೊಂದು ಇಲ್ಲೊಂದು ತುಕ್ಕಿನ ಚುಕ್ಕೆ ಇದೆ, ಅದರಿಂದ ಏನೂ ಆಗಲ್ಲ. ಅಗಲ ಹುಟ್ಟಿನಿಂದಲೇ ಬಂದದ್ದು. ಆ ಕಾಲದ್ದು ಒಂದೊಂದು ಒಂದೊಂದು ಥರ. ನಿಮ್ಮಜ್ಜ ದಪ್ಪ ಗುಂಡು ಎರಕ ಹೊಯ್ಕೊಂಡು ಹೊಡೀತಿದ್ದ. ನಿಮ್ಮಪ್ಪ ಅಂಗಡಿ ಗುಂಡು ತಂದ. ಅದು ಪುಸ್ತಕದ ಅಳತೆಯದ್ದು."

ಅಲ್ಲೇ ಅವರ ಜೊತೆ ಆಲೂಗಡ್ಡೆ, ಸಾಸೇಜು ತಿಂದೆ. ಎರಡು ತಟ್ಟೆ.

ಜೂನ್ ೨೫, ಸೋಮವಾರ

ವೆಂಡೆಲ್‌ಗೆ ಫೋನ್ ಮಾಡಿ ಹೆಮ್ಮೆಯಿಂದ ಹೇಳಿದೆ: ನಳಿಗೆ ಹಾಳಾಗಿಲ್ಲ, ಅಗಲವಿರುವುದೇ ಹಾಗೆ, ಅಪ್ಪನ ಗುಂಡುಗಳೇ ಸಣ್ಣವು. ತಮಾಷೆ ಮಾಡುತ್ತಾನೆ ಎಂದುಕೊಂಡಿದ್ದೆ. ಮಾಡಲಿಲ್ಲ.

"ತುಕ್ಕು?" ಎಂದ.

"ಅದರಿಂದ ಏನೂ ಆಗಲ್ಲವಂತೆ."

"ಆ ಮುದುಕ ನಿನ್ನ ಸಮಾಧಾನಕ್ಕೆ ಹೇಳ್ತಿದಾನೆ," ಎಂದು ಫೋನ್ ಇಟ್ಟ. ಸೋಲುವವರಿಗೆ ಹೀಗೇ ಹೊಟ್ಟೆಯುರಿಯುತ್ತದೆ.

ಜುಲೈ ೮, ಭಾನುವಾರ

ದಪ್ಪ ಅಚ್ಚು ಹೇಳಿ ಮಾಡಿಸಿದರೆ ಬರಲು ಐದು ತಿಂಗಳಂತೆ. ಆರ್ವಲ್ ಒಂದು ಉಪಾಯ ಹೇಳಿಕೊಟ್ಟರು, ಹಳಬರೆಲ್ಲ ಮಾಡುವುದಂತೆ. ಅಲ್ಯೂಮಿನಿಯಂ ಟೇಪಿನ ಸಣ್ಣ ಸಣ್ಣ ಚೂರು ಕತ್ತರಿಸಿ ಅಚ್ಚಿನ ಒಂದು ಮಗ್ಗುಲಿಗೆ ಅಂಟಿಸುವುದು. ಮುಚ್ಚಿದಾಗ ಎರಡು ಹೋಳುಗಳ ನಡುವೆ ಕೂದಲೆಳೆಯಷ್ಟು ಸಂದಿ ಉಳಿದು, ಗುಂಡು ಅಷ್ಟು ದಪ್ಪ ಬೀಳುತ್ತದೆ. ಒಂದು ಪದರ ಸಾಲಲಿಲ್ಲ. ಎರಡು ಅಂಟಿಸಿದೆ. ಗುಂಡಿನ ಪಕ್ಕಕ್ಕೆ ತೆಳ್ಳನೆಯ ರೆಕ್ಕೆ ಬರುತ್ತಿತ್ತು, ಅದನ್ನು ಬೆರಳಿನಲ್ಲೇ ಉಜ್ಜಿ ತೆಗೆದೆ. ಪತ್ರಿಕೆಯ ಗಡುಸು ಲೋಹವನ್ನು ಬದಿಗಿಟ್ಟು, ಹಳೆಯ ನಲ್ಲಿ ಕೊಳವೆಯ ಮೆತ್ತನೆಯ ಸೀಸವನ್ನು ಚಕ್ರದ ತುಂಡುಗಳ ಜೊತೆ ಬೆರೆಸಿದ್ದೇನೆ.

ಸೀಸ ಸರಿಯಾದ ಬಿಸಿಗೆ ಬಂದ ಹೊತ್ತಿಗೆ ಫೋನ್ ಬಡಿದುಕೊಂಡಿತು. ಬಿಟ್ಟೆ. ಮತ್ತೆ ಬಡಿದುಕೊಂಡಿತು. ಕೀತ್ ಅಂತೆ, ದೋಣಿಯ ಕಾಗದಪತ್ರ ಬೇಕಂತೆ. ಪಾತ್ರೆ ಒಲೆಯ ಮೇಲಿದೆ, ಆಮೇಲೆ ಮಾಡು ಎಂದೆ. ಆಮೇಲೆ ಮಾಡಿದನೋ ಇಲ್ಲವೋ ಗೊತ್ತಿಲ್ಲ, ನಾನು ಶೆಡ್ಡಿನಲ್ಲಿದ್ದೆ.

ಗುಂಡು ಅಳೆದರೆ ಮುನ್ನೂರ ಎಂಬತ್ತೊಂದು! ಮೂರು ಸಲ ಅಳೆದೆ.

ಜುಲೈ ೧೫, ಭಾನುವಾರ

ಐದರಲ್ಲಿ ಮೂರು ತಟ್ಟೆಯೊಳಗೆ. ಮೂರೂ ದುಂಡು ತೂತು. ದುಂಡು! ಆರ್ವಲ್‌ರನ್ನು ತಬ್ಬಿಕೊಂಡೆ, ಅವರ ಟೋಪಿ ಬಿದ್ದುಹೋಯಿತು. ನಳಿಗೆಯಲ್ಲಿ ಬಟ್ಟೆ ಎಳೆದರೆ ಒಂದು ಚೂರು ಸೀಸವಿಲ್ಲ.

ಉಳಿದ ಎರಡು ತಪ್ಪಿದ್ದು ಕೋವಿಯ ತಪ್ಪಲ್ಲ, ನನ್ನದು. ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುತ್ತೇನೆ.

ಆಗಸ್ಟ್ ೫, ಭಾನುವಾರ

ವಾರಕ್ಕೆ ಮೂರು ದಿನ ಜಲ್ಲಿ ಗುಂಡಿ. ಟ್ರೂಡಿಯೂ ಬರುತ್ತಾಳೆ, ಮಡಿಸುವ ಕುರ್ಚಿಯಲ್ಲಿ ಕುಳಿತು "ಕಣ್ಣು ಮುಚ್ಚಿದೆ, ಮುಚ್ಚಿದೆ!" ಎಂದು ಕಿರುಚುವುದು ಅವಳ ಕೆಲಸ. ನಾನು ಕುಂಬಳಜಾತಿಯ ಕಾಯಿ ಹಾಕಿದ ಬ್ರೆಡ್ ಸುಟ್ಟು ಒಯ್ಯುತ್ತೇನೆ, ತೋಟದಲ್ಲಿ ವಿಪರೀತ ಬಿಟ್ಟಿದೆ. ಸೋಫಾದ ಮೇಲೆಲ್ಲ ಗುಂಡಿನ ಡಬ್ಬಿಗಳು, ಕೂರಲೂ ಜಾಗವಿಲ್ಲ. ನಿನ್ನೆ ಮಂಚದ ಮೇಲೆ ಉದ್ದಕ್ಕೂ ಕಾಲು ಚಾಚಿ ಏಳರವರೆಗೆ ಮಲಗಿದ್ದೆ.

ಐದಕ್ಕೆ ನಾಲ್ಕು. ಐದಕ್ಕೆ ನಾಲ್ಕು. ಐದಕ್ಕೆ ಮೂರು. ಐದಕ್ಕೆ ನಾಲ್ಕು.

ಆಗಸ್ಟ್ ೨೬, ಭಾನುವಾರ

ಐದಕ್ಕೆ ಐದು!

ಸೆಪ್ಟೆಂಬರ್ ೨, ಭಾನುವಾರ

ನಾಳೆ. ಹೋದ ಭಾನುವಾರದಿಂದ ಈಚೆಗೆ ಐದಕ್ಕೆ ಐದು ಬಂದದ್ದು ಒಮ್ಮೆ ಮಾತ್ರ. ಗುಂಡುಗಳನ್ನೆಲ್ಲ ತೂಗಿ, ಒಂದೇ ತೂಕದ ಐದನ್ನು ಆರಿಸಿ ಇಟ್ಟಿದ್ದೇನೆ. ಮತ್ತೆ ಮತ್ತೆ ಹೋಗಿ ಡಬ್ಬಿ ತೆಗೆದು ನೋಡುತ್ತಿದ್ದೇನೆ. ಸೋತರೆ ಅಜ್ಜನ ಕೋವಿಯನ್ನು ನನ್ನ ಕೈಯಾರೆ ಕೊಡಬೇಕು, ಅವನು ಅದಕ್ಕೆ ವೈರು ತೂರಿಸುತ್ತಾನೆ. ಬೇಡ, ಯೋಚಿಸುವುದಿಲ್ಲ.

ಸೆಪ್ಟೆಂಬರ್ ೩, ಸೋಮವಾರ

ಎಲ್ಲವನ್ನೂ ಬರೆಯಬೇಕು, ಒಂದನ್ನೂ ಬಿಡದೆ.

ವೆಂಡೆಲ್ ಹತ್ತು ಗಂಟೆಗೆ ಬಂದ. ಕಾರಿನ ಹಿಂದಿನ ಸೀಟಿನಲ್ಲಿ ಎಲ್ಕ್ ಚಿತ್ರದ ಮುಸುಕು ನನಗೆ ಕಾಣಲೆಂದೇ ಇಟ್ಟಿದ್ದ. ದೂರವನ್ನು ಹೆಜ್ಜೆ ಹಾಕಿ ಅಳೆದ, ಸಾಲದೆಂದು ಟೇಪು ಹಿಡಿದು ಅಳೆದ. ತಟ್ಟೆಯನ್ನು ತಾನೇ ಚುಚ್ಚಿದ. ಟ್ರೂಡಿ "ತಟ್ಟೇನಾದ್ರೂ ಸರಿಯಾಗಿ ನೋಡಿದೆಯಾ, ಕಮ್ಮಿ ಅಗಲದ್ದು ತಂದಿರ್ತಾನೆ ಇವನು," ಎಂದಳು. ಆರ್ವಲ್ ದುರ್ಬೀನಿನ ಹಿಂದೆ ಕುಳಿತರು, ವೆಂಡೆಲ್ ತನ್ನ ಬೈನಾಕ್ಯುಲರ್ ಹಿಡಿದು ನಿಂತ.

ಮೊದಲನೆಯದು ಒಳಗೆ. ಎರಡನೆಯದು ಒಳಗೆ, ಮೊದಲನೆಯದರ ಪಕ್ಕಕ್ಕೇ.

ಆಮೇಲೆ ಪಶ್ಚಿಮದಿಂದ ಗಾಳಿ ಎದ್ದಿತು. ತಟ್ಟೆ ಪಟಪಟ ಹೊಡೆದುಕೊಳ್ಳತೊಡಗಿತು. ಬೇಸಿಗೆಯ ಮೊದಲ ದಿನಗಳಾಗಿದ್ದರೆ ಹಟಕ್ಕೆ ಬಿದ್ದು ಹೊಡೆದುಬಿಡುತ್ತಿದ್ದೆ. ಕೋವಿ ಕೆಳಗಿಟ್ಟು ಬ್ರೆಡ್ ತಿಂದೆ.

"ಏನು, ಪಿಕ್ನಿಕ್ಕಾ?" ಎಂದ ವೆಂಡೆಲ್.

"ನೀನೂ ತಿನ್ನು," ಎಂದು ಒಂದು ಚೂರು ಕೊಟ್ಟೆ. ತಿಂದ.

ಕಾಲು ಗಂಟೆಗೆ ಹುಲ್ಲು ನೆಟ್ಟಗಾಯಿತು. ಮೂರನೆಯದು ಒಳಗೆ.

ನಾಲ್ಕನೆಯದು ಹೊರಟ ಕ್ಷಣವೇ ಗೊತ್ತಾಯಿತು, ಕಣ್ಣು ಮಿಟುಕಿದ್ದೆ. ಆರ್ವಲ್ ದುರ್ಬೀನಿನಿಂದ ಮುಖ ಎತ್ತಲಿಲ್ಲ. "ಅಂಚು," ಎಂದರು, "ಸುಕ್ಕು ಇರೋ ಅಂಚಿಗೆ ತಾಗಿದೆ."

ಅಂಚು ಸೇರುತ್ತದೋ ಇಲ್ಲವೋ ಎಂದು ನಾವು ಮಾತಾಡಿಕೊಂಡೇ ಇರಲಿಲ್ಲ. ಎಲ್ಲರೂ ವೆಂಡೆಲ್‌ನ ಮುಖ ನೋಡಿದೆವು. ಅವನು ಬೈನಾಕ್ಯುಲರ್ ಇಳಿಸಲಿಲ್ಲ.

"ಅಂಚೂ ತಟ್ಟೇನೇ," ಎಂದ. ಆಮೇಲೆ ತುಂಬ ಮೆಲ್ಲಗೆ, "ಹೊಡಿ ನಡೀನ್. ಹೊಡಿ," ಎಂದ.

ಅವನು ನಾನು ಗೆಲ್ಲಲಿ ಎಂದು ಬಯಸುತ್ತಿದ್ದಾನೆ ಎಂದು ಆಗ ಗೊತ್ತಾಯಿತು. ಯಾಕೆಂದು ತಿಳಿಯಲಿಲ್ಲ. ಐದನೆಯದನ್ನು ಕಣ್ಣು ಬಿಟ್ಟುಕೊಂಡು ಹೊಡೆದೆ. ಟ್ರೂಡಿಯ ಕಿರುಚಾಟಕ್ಕೆ ಜಲ್ಲಿ ಗುಂಡಿಯೇ ಪ್ರತಿಧ್ವನಿಸಿತು. ನಟ್ಟನಡುವೆ!

ನಾನು ಕುಣಿದೆ, ಐವತ್ತನಾಲ್ಕು ವರ್ಷದ ಮೊಣಕಾಲಿನಲ್ಲಿ ಎಷ್ಟು ಸಾಧ್ಯವೋ ಅಷ್ಟು. ಆರ್ವಲ್ ಟೋಪಿ ಮೇಲೆಸೆದರು. ವೆಂಡೆಲ್ ಮಾತ್ರ ತಟ್ಟೆಯ ಕಡೆಗೆ ನಡೆದ. ಹೋದವನು ತಿರುಗಿ ಬರಲಿಲ್ಲ. ಹತ್ತಿರ ಹೋದರೆ ಒಂದೊಂದು ತೂತಿಗೂ ಬೆರಳಿಟ್ಟು ನೋಡುತ್ತಿದ್ದ. ಅಳುತ್ತಿದ್ದ.

"ಅಜ್ಜ ತೀರಿಕೊಂಡ ವರ್ಷ," ಎಂದ. "ನಂಗೆ ಹದಿಮೂರು. ಎಲ್ಕ್ ಬೇಟೆ ಕ್ಯಾಂಪಲ್ಲಿ ಇದನ್ನ ಒರೆಸಿಡೋ ಕೆಲಸ ನಂದು. ಮರೆತೆ. ಒದ್ದೆ ಚೀಲದಲ್ಲಿ ಒಂದು ವಾರ ಇತ್ತು. ಆಮೇಲೆ ಅಪ್ಪ ಅಂಗಡಿ ತೋಟಾ ಹಾಕಿ ಹೊಡೆದ್ರೆ ಒಂದೂ ತಾಗಲಿಲ್ಲ. ಅಜ್ಜನ ಕೋವಿನ ನೀನೇ ಕೊಂದೆ ಅಂದ್ರು. ಯಾರಿಗೂ ಹೇಳಲ್ಲ, ಆದ್ರೆ ನೀನು ಮರೀಬೇಡ ಅಂದ್ರು."

ಅಪ್ಪ ಮಾತು ಉಳಿಸಿಕೊಂಡರು, ನನಗೂ ಹೇಳಲಿಲ್ಲ. ನಲವತ್ತೈದು ವರ್ಷ. ಅವನು ಕಂಬಳಿಯ ತುದಿ ಹಿಡಿದು ಎಳೆದದ್ದನ್ನು ನಾನು ಅಸಡ್ಡೆ ಎಂದು ಬರೆದಿದ್ದೇನೆ. ನನ್ನ ಅಣ್ಣನಿಗೆ ಅದನ್ನು ಮುಟ್ಟಲು ಧೈರ್ಯವಿರಲಿಲ್ಲ. ದೀಪವಾಗಲಿ ಏನಾಗಲಿ, ಕೋವಿಯ ರೂಪದಲ್ಲಿ ಕಣ್ಣೆದುರು ಇರದಿದ್ದರೆ ಸಾಕು ಎನಿಸಿದ್ದಿರಬೇಕು.

"ನೀನು ಕೊಂದಿಲ್ಲ ಕಣೋ," ಎಂದೆ. "ಅಜ್ಜ ಹೋದ, ಅವನ ದಪ್ಪ ಗುಂಡುಗಳೂ ಮುಗಿದ್ವು. ಅಷ್ಟೇ ಆಗಿದ್ದು. ಅದು ಯಾವತ್ತೂ ಸತ್ತೇ ಇರಲಿಲ್ಲ."

"ಗೊತ್ತು," ಎಂದು ತಟ್ಟೆ ತೋರಿಸಿದ. "ಈಗ ಗೊತ್ತು."

ಅಲ್ಲೇ ನಿಂತು ಇಬ್ಬರೂ ಅತ್ತೆವು, ನಕ್ಕೆವು, ಮತ್ತೆ ಅತ್ತೆವು. ಆಮೇಲೆ ಅವನ ಕೈಗೆ ಕೋವಿ ಕೊಟ್ಟೆ. ಮೊದಲು ಬೇಡ ಎಂದ. ಕೊನೆಗೆ ಹನ್ನೆರಡು ಗುಂಡು ಹೊಡೆದ, ನಾನು ಮೂರು ಸಂಜೆ ಕುಳಿತು ತಯಾರಿಸಿದ್ದೆಲ್ಲ ಖಾಲಿ. ಒಂಬತ್ತು ತಾಗಿದವು. ಹೊಡೆದ ಮೇಲೆ ಅಲ್ಲೇ ಕುಳಿತು, ಯಾರೂ ಹೇಳದೆ, ನಳಿಗೆಯನ್ನು ಒರೆಸಿದ. ಅರ್ಧ ಗಂಟೆ ಒರೆಸಿದ.

ಊಟ ನಮ್ಮ ಮನೆಯಲ್ಲಿ, ನಾಲ್ಕು ಜನಕ್ಕೆ. ಹೊರಡುವಾಗ ವೆಂಡೆಲ್ ಬಾಗಿಲಲ್ಲಿ ನಿಂತು ತಡವರಿಸಿದ.

"ಕೋವಿ ನಿಂದು," ಎಂದ. "ಆ ತಟ್ಟೆ ನಂಗೆ ಕೊಡ್ತೀಯಾ?"

ಕೊಟ್ಟೆ. ಐದು ತೂತಿನ ಕಾಗದದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕಾರಿನವರೆಗೂ ನಡೆದುಕೊಂಡು ಹೋದ.